ತಪ್ಪು ಅಕ್ಷರದ್ದಲ್ಲ, ಹಾಕಿದ ಜಾಗದ್ದು

ಕಾಮಿಕ್ ಸಾನ್ಸ್ ಎಂಬ ಇಂಗ್ಲಿಷ್ ಫಾಂಟ್ ಎಂದರೆ ವಿನ್ಯಾಸಕಾರರು ಮೂಗು ಮುರಿಯುತ್ತಾರೆ. ಮೈಕ್ರೋಸಾಫ್ಟ್‌ನಲ್ಲಿದ್ದ ವಿನ್ಸೆಂಟ್ ಕಾನೇರ್ 1994ರಲ್ಲಿ ಅದನ್ನು ರೂಪಿಸಿದ್ದು ಪರದೆಯ ಮೇಲಿನ ಕಾರ್ಟೂನ್ ನಾಯಿಯ ಮಾತಿಗೆ. ನಾಯಿಯ ಬಾಯಲ್ಲಿ ಟೈಮ್ಸ್ ನ್ಯೂ ರೋಮನ್ ಫಾಂಟ್ ಅವರಿಗೆ ಸರಿಕಾಣಲಿಲ್ಲ. ಕಾಮಿಕ್ ಪುಸ್ತಕಗಳ ಕೈಬರಹ ನೋಡಿಕೊಂಡು ಗೆರೆಗಳನ್ನು ತುಸು ಓರೆಯಾಗಿಸಿ, ತುದಿಗಳನ್ನು ದುಂಡಾಗಿಸಿದರು. ಆ ಕೆಲಸಕ್ಕೆ ಹೇಳಿ ಮಾಡಿಸಿದಂಥ ಅಕ್ಷರ! ವಿಂಡೋಸ್ ಜೊತೆ ಮನೆಮನೆ ಸೇರಿದ ಮೇಲೆ ಅದು ಕಚೇರಿ ಸುತ್ತೋಲೆಗೂ ಅಂಟಿಕೊಂಡಿತು. 2012ರಲ್ಲಿ ಭೌತವಿಜ್ಞಾನ ಸಂಶೋಧನಾ ಕೇಂದ್ರ ಸರ್ನ್‌ನಲ್ಲಿ ಹಿಗ್ಸ್ ಬೋಸಾನ್ ಕಣದ ಫಲಿತಾಂಶವನ್ನು ಅದರಲ್ಲೇ ತೋರಿಸಿದಾಗ ಗೇಲಿಯೋ ಗೇಲಿ.

ಅಕ್ಷರಗಳ ನಡುವಿನ ಅಂತರ, ಗೆರೆಯ ತೂಕ ಹದವಾಗಿಲ್ಲ ಎಂಬ ಆಕ್ಷೇಪ ನಿಜವೇ. ಉದ್ದ ಲೇಖನಕ್ಕೆ ಅದು ಒಗ್ಗದು. ಆದರೆ ಮಕ್ಕಳ ಹುಟ್ಟುಹಬ್ಬದ ಬ್ಯಾನರಿಗೆ ಆ ಅಂಕುಡೊಂಕೇ ಲಕ್ಷಣ. ಅದರ ಸಣ್ಣ ‘a’ ಮಕ್ಕಳು ಸ್ಲೇಟಿನಲ್ಲಿ ತಿದ್ದುವ ಆಕಾರದ್ದೇ. ಓದಿನ ತೊಡಕು ಇರುವವರಿಗಾಗಿ ದುಡಿಯುವ ಬ್ರಿಟಿಷ್ ಡಿಸ್ಲೆಕ್ಸಿಯಾ ಅಸೋಸಿಯೇಷನ್ ಕೂಡ ಓದಲು ಸುಲಭವಾದ ಫಾಂಟುಗಳಲ್ಲಿ ಇದನ್ನು ಹೆಸರಿಸಿದೆ.