ಬೆಳಕಿನ ಯಂತ್ರ ಬಂದೀತು, ಬಳಸುವ ಕೈ ಎಲ್ಲಿ?

ರಾಮನಗರ ಜಿಲ್ಲೆಯನ್ನು 'ಬೆಂಗಳೂರು ದಕ್ಷಿಣ' ಎಂದು ಮರುನಾಮಕರಣ ಮಾಡಲು 2025ರ ಮೇ ತಿಂಗಳಿನಲ್ಲಿ ರಾಜ್ಯ ಸಚಿವ ಸಂಪುಟ ನಿರ್ಧರಿಸಿತು. ಹೆಸರಿನ ಜೊತೆಗೆ ರಾಜಧಾನಿಯ ಬಂಡವಾಳ, ರಸ್ತೆ, ಉದ್ಯಮಗಳು ಮಾಗಡಿ, ಕನಕಪುರಗಳವರೆಗೂ ಹರಿದು ಬರಲಿವೆ ಎಂಬುದು ಇದರ ಹಿಂದಿನ ವಾದ. ಭೂಮಿಯ ಬೆಲೆಯ ಕುರಿತು ನಡೆದಷ್ಟು ಚರ್ಚೆ ಬೆಂಗಳೂರಿನ ಜ್ಞಾನ ಎಷ್ಟು ದೂರ ಹರಿದೀತು ಎಂಬ ಕುರಿತು ನಡೆಯಲಿಲ್ಲ. ಮಿದುಳು ವಿಜ್ಞಾನದ ಕ್ಷೇತ್ರ ಇದಕ್ಕೆ ಒಳ್ಳೆಯ ನಿದರ್ಶನ.

ನಿಮ್ಹಾನ್ಸ್, ಭಾರತೀಯ ವಿಜ್ಞಾನ ಸಂಸ್ಥೆ ಹಾಗೂ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ ಇವು ಮೂರೂ ಇರುವ ಬೆಂಗಳೂರು ದೇಶದ ಮಿದುಳು ಸಂಶೋಧನೆಯ ಪ್ರಮುಖ ನೆಲೆ. ಅಲ್ಲಿಂದ ಮಾಗಡಿಗೆ ಇರುವುದು ಸುಮಾರು 50 ಕಿಲೋಮೀಟರ್. ಆದರೆ ನರರೋಗದ ಹೊರೆ ಹೆಚ್ಚಾಗಿರುವುದು ಗ್ರಾಮೀಣ ಭಾಗದಲ್ಲಿ. ನಿಮ್ಹಾನ್ಸ್ ತಜ್ಞರು 1993-95ರ ಅವಧಿಯಲ್ಲಿ ಬೆಂಗಳೂರು ನಗರ ಮತ್ತು ಗ್ರಾಮಾಂತರ ಭಾಗದ ಒಂದು ಲಕ್ಷಕ್ಕೂ ಅಧಿಕ ಜನರನ್ನು ಸಮೀಕ್ಷೆಗೆ ಒಳಪಡಿಸಿದ್ದರು. 2004ರಲ್ಲಿ ಪ್ರಕಟವಾದ ಅದರ ಫಲಿತಾಂಶದ ಪ್ರಕಾರ ಪ್ರತಿ ಸಾವಿರ ಜನರಲ್ಲಿ ಸುಮಾರು 9 ಮಂದಿಗೆ ಮೂರ್ಛೆರೋಗವಿತ್ತು. ನಗರಕ್ಕೆ ಹೋಲಿಸಿದರೆ ಹಳ್ಳಿಗಳಲ್ಲಿ ಅದರ ಪ್ರಮಾಣ ಸುಮಾರು ಎರಡು ಪಟ್ಟು.

ಮಿದುಳಿನ ಕೆಲಸವನ್ನು ಚಿತ್ರೀಕರಿಸುವ ಎಂಆರ್‌ಐ ಯಂತ್ರ ಟನ್‌ಗಟ್ಟಲೆ ತೂಕದ್ದು. ಅದನ್ನು ಹಳ್ಳಿಗೆ ಒಯ್ಯುವುದು ಸುಲಭವಲ್ಲ. ಬೆಳಕನ್ನು ಆಧರಿಸಿದ ತಂತ್ರಗಳಿಗೆ ಈ ತೊಡಕಿಲ್ಲ. ಕೆಂಪು ಬಣ್ಣದ ಆಚೆಗಿನ, ಕಣ್ಣಿಗೆ ಕಾಣದ ಅವಗೆಂಪು ಕಿರಣಗಳು ಚರ್ಮ ಮತ್ತು ತಲೆಬುರುಡೆಯನ್ನು ದಾಟಿ ಮಿದುಳಿನ ಮೇಲ್ಪದರವನ್ನು ತಲುಪಬಲ್ಲವು. ಆಮ್ಲಜನಕ ಹೊತ್ತ ರಕ್ತ ಮತ್ತು ಅದನ್ನು ಕಳೆದುಕೊಂಡ ರಕ್ತ ಈ ಕಿರಣಗಳನ್ನು ಬೇರೆ ಬೇರೆ ಪ್ರಮಾಣದಲ್ಲಿ ಹೀರಿಕೊಳ್ಳುತ್ತವೆ. ಹಿಂದಿರುಗಿದ ಬೆಳಕನ್ನು ಅಳೆದರೆ ಮಿದುಳಿನ ಯಾವ ಭಾಗ ಸಕ್ರಿಯವಾಗಿದೆ ಎಂಬುದರ ಸುಳಿವು ಸಿಗುತ್ತದೆ. ಫ್ರಾನ್ಸ್ ಜಾಬ್ಸಿಸ್ 1977ರಲ್ಲಿ ತೋರಿಸಿಕೊಟ್ಟ ಈ ತತ್ವದ ಮೇಲೆ ತಯಾರಾದ ಉಪಕರಣಗಳು ಇಂದು ಟೋಪಿಯಂತೆ ತಲೆಗೆ ತೊಡಿಸಬಹುದಾದಷ್ಟು ಹಗುರವಾಗಿವೆ. ತಾಯಿಯ ಮಡಿಲಲ್ಲಿ ಕುಳಿತ ಮಗುವಿನ ಮೇಲೂ ಪರೀಕ್ಷೆ ನಡೆಸಬಹುದು.

ಪಶ್ಚಿಮ ಆಫ್ರಿಕಾದ ಗ್ಯಾಂಬಿಯಾದ ಕೆನೆಬಾ ಎಂಬ ಹಳ್ಳಿಯಲ್ಲಿ ಬ್ರಿಟನ್ನಿನ ವಿಜ್ಞಾನಿಗಳು 2012ರಿಂದಲೇ ಹಸುಳೆಗಳ ಮಿದುಳಿನ ಅಧ್ಯಯನಕ್ಕೆ ಈ ತಂತ್ರವನ್ನು ಬಳಸತೊಡಗಿದರು. ಭಾರತವೂ ಇದಕ್ಕೆ ಹೊರತಲ್ಲ. ಉತ್ತರ ಪ್ರದೇಶದ ಶಿವಗಢದಲ್ಲಿ ನಾಲ್ಕು ತಿಂಗಳಿನಿಂದ ನಾಲ್ಕು ವರ್ಷದವರೆಗಿನ ಮಕ್ಕಳ ಮೇಲೆ ನಡೆದ ಅಧ್ಯಯನವೊಂದು 2019ರಲ್ಲಿ ಪ್ರಕಟವಾಯಿತು. ತಾಯಿಯ ಶಿಕ್ಷಣ ಮತ್ತು ಕುಟುಂಬದ ಆದಾಯ ಕಡಿಮೆ ಇದ್ದ ಮಕ್ಕಳಲ್ಲಿ, ಕಂಡದ್ದನ್ನು ಕ್ಷಣಕಾಲ ನೆನಪಿನಲ್ಲಿಡುವ ಮಿದುಳಿನ ಚಟುವಟಿಕೆ ದುರ್ಬಲವಾಗಿರುವುದನ್ನು ಅದು ಗುರುತಿಸಿತು. ಬಡತನ ಮಗುವಿನ ಮಿದುಳನ್ನು ಎಷ್ಟು ಬೇಗ ತಟ್ಟುತ್ತದೆ ಎಂಬುದಕ್ಕೆ ಹಳ್ಳಿಯಲ್ಲೇ ದೊರೆತ ಸಾಕ್ಷ್ಯ ಇದು. ಲಖನೌದ ಸಂಸ್ಥೆಯೊಂದರ ಸಹಭಾಗಿತ್ವವಿದ್ದರೂ ಸಂಶೋಧನೆಯ ನೇತೃತ್ವ ಇದ್ದದ್ದು ಬ್ರಿಟನ್ನಿನ ವಿಶ್ವವಿದ್ಯಾಲಯದ ಕೈಯಲ್ಲಿ.

ಪ್ರಶ್ನೆ ಇರುವುದು ಇಲ್ಲಿಯೇ. ಉಪಕರಣವನ್ನು ಹಣ ಕೊಟ್ಟು ತರಿಸಬಹುದು. ಅದನ್ನು ಅರಿತು ಬಳಸುವವರನ್ನು ಆಮದು ಮಾಡಿಕೊಳ್ಳಲಾಗದು. ದಟ್ಟವಾದ ಕಪ್ಪು ಕೂದಲು ಮತ್ತು ಚರ್ಮದ ಮೆಲನಿನ್ ವರ್ಣಕ ಬೆಳಕನ್ನು ಹೀರಿಕೊಂಡು ಸಂಕೇತವನ್ನು ದುರ್ಬಲಗೊಳಿಸುತ್ತವೆ. ಮಗು ತಲೆ ಅಲ್ಲಾಡಿಸಿದರೂ ಅಳತೆ ಕೆಡುತ್ತದೆ. ನೆತ್ತಿಯ ಚರ್ಮದಲ್ಲಿ ಹರಿಯುವ ರಕ್ತವನ್ನು ಮಿದುಳಿನ ಚಟುವಟಿಕೆ ಎಂದು ತಪ್ಪಾಗಿ ಓದುವ ಅಪಾಯವೂ ಇದೆ. ಈ ಅಪಾಯ ಕೇವಲ ಊಹೆಯಲ್ಲ. ಬೆಳಕಿನಿಂದಲೇ ಕೆಲಸ ಮಾಡುವ ಪಲ್ಸ್ ಆಕ್ಸಿಮೀಟರ್ ಅಮೆರಿಕದ ಕಪ್ಪು ವರ್ಣೀಯ ರೋಗಿಗಳಲ್ಲಿ ಆಮ್ಲಜನಕದ ಕೊರತೆಯನ್ನು ಗುರುತಿಸಲು ವಿಫಲವಾದ ಪ್ರಮಾಣ ಬಿಳಿಯರಿಗಿಂತ ಸುಮಾರು ಮೂರು ಪಟ್ಟು ಎಂಬುದು 2020ರಲ್ಲಿ ಬಹಿರಂಗವಾಯಿತು. ಅನ್ಯರ ತಲೆಯ ಮೇಲೆ ಪಳಗಿದ ಲೆಕ್ಕಾಚಾರ ನಮ್ಮ ಮಕ್ಕಳ ತಲೆಗೆ ಒಪ್ಪುತ್ತದೆಯೇ ಎಂದು ಪರಿಶೀಲಿಸಬೇಕಾದವರು ನಮ್ಮಲ್ಲೇ ತಯಾರಾಗಬೇಕು.

ತರಬೇತಿಯ ವ್ಯವಸ್ಥೆ ಇಲ್ಲವೆಂದಲ್ಲ. ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ 'ಬೆಂಗಳೂರು ಮೈಕ್ರೋಸ್ಕೋಪಿ ಕೋರ್ಸ್' ನಡೆಸಿಕೊಂಡು ಬಂದಿದೆ. ಅಮೆರಿಕದ ಕೋಲ್ಡ್ ಸ್ಪ್ರಿಂಗ್ ಹಾರ್ಬರ್ ಪ್ರಯೋಗಾಲಯ ಮತ್ತು ಕೆನಡಾದ ಲಾವಾಲ್ ವಿಶ್ವವಿದ್ಯಾಲಯದ ಶಿಬಿರಗಳಲ್ಲಿ ಜಗತ್ತಿನ ಯುವ ಸಂಶೋಧಕರು ತಾವೇ ಉಪಕರಣ ಹಿಡಿದು ಕಲಿಯುತ್ತಾರೆ. ಜೀವಂತ ಇಲಿಯ ಮಿದುಳಿನ ಒಂದೊಂದೇ ನರಕೋಶವನ್ನು ತೋರುವ, 1990ರಲ್ಲಿ ರೂಪುಗೊಂಡ ಎರಡು-ಫೋಟಾನ್ ಸೂಕ್ಷ್ಮದರ್ಶಕವಾಗಲಿ, 2005ರಿಂದ ಬೆಳೆದ, ಬೆಳಕಿನಿಂದ ನರಕೋಶವನ್ನು ಪ್ರಚೋದಿಸುವ ಆಪ್ಟೋಜೆನೆಟಿಕ್ಸ್ ಆಗಲಿ ಪುಸ್ತಕ ಓದಿ ಕರಗತವಾಗುವ ವಿದ್ಯೆಗಳಲ್ಲ. ಭೌತವಿಜ್ಞಾನಿ, ಜೀವವಿಜ್ಞಾನಿ ಮತ್ತು ಗಣಕತಜ್ಞ ಒಂದೇ ಮೇಜಿನ ಸುತ್ತ ಕೂರಬೇಕಾಗುತ್ತದೆ. ಆದರೆ ಇಂತಹ ಶಿಬಿರಗಳ ಬಾಗಿಲು ತೆರೆಯುವುದು ಬಹುಮಟ್ಟಿಗೆ ಈಗಾಗಲೇ ದೊಡ್ಡ ಪ್ರಯೋಗಾಲಯ ಸೇರಿದವರಿಗೆ. ತಾಲ್ಲೂಕು ಕೇಂದ್ರದ ಪದವಿ ಕಾಲೇಜಿನಲ್ಲಿ ಭೌತಶಾಸ್ತ್ರ ಓದುವ ವಿದ್ಯಾರ್ಥಿಗೆ ಅಂತಹದೊಂದು ದಾರಿ ಇದೆ ಎಂಬುದೇ ತಿಳಿಯುವುದು ಕಷ್ಟ.

ಸಂಸ್ಥೆಗಳು ಮನಸ್ಸು ಮಾಡಿದರೆ ಹಳ್ಳಿಗೆ ಇಳಿಯಬಲ್ಲವು ಎಂಬುದಕ್ಕೆ ಕೋಲಾರ ಜಿಲ್ಲೆಯ ಶ್ರೀನಿವಾಸಪುರ ಸಾಕ್ಷಿ. ಕ್ರಿಸ್ ಗೋಪಾಲಕೃಷ್ಣನ್ ಅವರ 225 ಕೋಟಿ ರೂಪಾಯಿ ದೇಣಿಗೆಯ ನೆರವಿನಿಂದ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ತಲೆಯೆತ್ತಿದ ಮಿದುಳು ಸಂಶೋಧನಾ ಕೇಂದ್ರ, ಅಲ್ಲಿನ 45 ವರ್ಷ ಮೀರಿದ 10,000 ಗ್ರಾಮೀಣರನ್ನು ದೀರ್ಘಕಾಲ ಗಮನಿಸುವ ಗುರಿಯ ಅಧ್ಯಯನವನ್ನು ಕೈಗೊಂಡಿದೆ. ಹಳ್ಳಿಗರು ಸಂಶೋಧನೆಯ ವಸ್ತುವಾಗಬಲ್ಲರೆಂದಾದರೆ, ಅವರ ಮಕ್ಕಳು ಸಂಶೋಧಕರಾಗುವುದು ಮುಂದಿನ ಹೆಜ್ಜೆಯಾಗಬೇಕು.

ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವೈದ್ಯರಿಲ್ಲದಿರುವಾಗ ಇದೆಲ್ಲ ಐಷಾರಾಮವಲ್ಲವೇ ಎಂಬ ಆಕ್ಷೇಪ ಸಹಜ. ಅದರಲ್ಲಿ ಹುರುಳೂ ಇದೆ. ಅವಗೆಂಪು ಟೋಪಿ ಇಂದಿಗೂ ಮುಖ್ಯವಾಗಿ ಸಂಶೋಧನೆಯ ಸಾಧನ. ಮೂರ್ಛೆರೋಗಿಗೆ ತುರ್ತಾಗಿ ಬೇಕಾದದ್ದು ನಿಯಮಿತವಾಗಿ ದೊರೆಯುವ ಮಾತ್ರೆ. ಆದ್ದರಿಂದ ತಾಲ್ಲೂಕು ಆಸ್ಪತ್ರೆಗೆ ಯಂತ್ರ ಖರೀದಿಸಿ ಉದ್ಘಾಟನೆಯ ಫಲಕ ಹಾಕುವುದು ಪರಿಹಾರವಾಗದು. ಕೈಪಳಗಿದವರಿಲ್ಲದೆ ಅದು ಬೀಗ ಹಾಕಿದ ಕೋಣೆಯಲ್ಲಿ ಧೂಳು ತಿನ್ನುತ್ತದೆ.

ಮೊದಲು ಆಗಬೇಕಾದ ಕೆಲಸಗಳ ವೆಚ್ಚ ಕಡಿಮೆ. ಮಾಗಡಿ, ಕನಕಪುರ, ಚನ್ನಪಟ್ಟಣ, ರಾಮನಗರಗಳ ಕಾಲೇಜುಗಳ ಆಯ್ದ ವಿದ್ಯಾರ್ಥಿಗಳು ಮತ್ತು ಅಧ್ಯಾಪಕರಿಗೆ ಬೆಂಗಳೂರಿನ ಪ್ರಯೋಗಾಲಯಗಳಲ್ಲಿ ರಜೆಯ ಅವಧಿಯ ತರಬೇತಿ, ವಿದ್ಯಾರ್ಥಿವೇತನ, ಕನ್ನಡದಲ್ಲಿ ಕೈಪಿಡಿ, ಪರೀಕ್ಷೆಗೆ ಒಳಗಾಗುವವರಿಗೆ ಅರ್ಥವಾಗುವ ಒಪ್ಪಿಗೆ ಪತ್ರ ಇಷ್ಟರಿಂದ ಆರಂಭಿಸಬಹುದು. 2023ರ ಕಾಯ್ದೆಯ ಮೂಲಕ ಸ್ಥಾಪನೆಯಾದ ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನಕ್ಕೆ ಐದು ವರ್ಷಗಳಲ್ಲಿ 50,000 ಕೋಟಿ ರೂಪಾಯಿಯ ಗುರಿ ನಿಗದಿಯಾಗಿದೆ. ಅದರಲ್ಲಿ ತಾಲ್ಲೂಕು ಕಾಲೇಜುಗಳ ಪಾಲು ಕೇಳುವ ಹೊಣೆ ರಾಜ್ಯ ಸರ್ಕಾರದ್ದು.

ಬೆಳಕಿನ ವಿಜ್ಞಾನಕ್ಕೆ ನೊಬೆಲ್ ತಂದ ಸಿ.ವಿ. ರಾಮನ್ 1933ರಲ್ಲಿ ಬೆಂಗಳೂರಿಗೆ ಬಂದು ಇಲ್ಲಿಯೇ ನೆಲೆಸಿದರು. ಆ ಪರಂಪರೆಯನ್ನು ಹೆಮ್ಮೆಯಿಂದ ಹೇಳಿಕೊಳ್ಳುವ ನಗರದಿಂದ ಒಂದೂವರೆ ತಾಸಿನ ದಾರಿಯಲ್ಲಿ ದೀಪದ ಬುಡದ ಕತ್ತಲೆ ಹಾಗೆಯೇ ಉಳಿಯಬೇಕೆ? ಜಿಲ್ಲೆಯ ಹೆಸರಿನಲ್ಲಿ ಬೆಂಗಳೂರನ್ನು ಸೇರಿಸಲು ಹೊರಟವರು ಈ ಪ್ರಶ್ನೆಗೂ ಉತ್ತರಿಸಬೇಕಾಗಿದೆ.