ಸೂರ್ಯಫಲಕಕ್ಕೆ ಆಧಾರ ಯಾವುದು?

ತರ್ಕಶಾಸ್ತ್ರವನ್ನು ಹೊಸದಾಗಿ ಓದಿದ ವಿದ್ಯಾರ್ಥಿಯೊಬ್ಬನು ತುಪ್ಪವನ್ನು ಕೊಂಡು ಮನೆಗೆ ಬರುತ್ತಿರಲು, ತುಪ್ಪಕ್ಕೆ ಪಾತ್ರೆಯು ಆಧಾರವೋ ಪಾತ್ರೆಗೆ ತುಪ್ಪವು ಆಧಾರವೋ ಎಂಬ ಸಂಶಯವು ಹುಟ್ಟಿ, ಪರೀಕ್ಷಾರ್ಥವಾಗಿ ಪಾತ್ರೆಯನ್ನು ಬೋರಲು ಮಾಡಿದನೆಂದು ಪಾಠಶಾಲೆಗಳಲ್ಲಿ ಹೇಳುವದುಂಟು. ಈಚೆಗೆ ಮನೆಗಳ ಮೇಲೆ ಸೂರ್ಯಫಲಕಗಳನ್ನು ಕೂಡಿಸುವ ಉತ್ಸಾಹವನ್ನು ಕಂಡಾಗಲೆಲ್ಲ ನಮಗೆ ಈ ಕಥೆಯು ನೆನಪಾಗುವದು. ಫಲಕವು ಯಾವ ಕಂಪನಿಯದು, ಎಷ್ಟು ಕಿಲೋವ್ಯಾಟಿನದು ಎಂದು ಎಲ್ಲರೂ ಕೇಳುವರು. ಅದನ್ನು ಹೊರತಕ್ಕ ಮಾಳಿಗೆಯ ಸ್ಥಿತಿಯೇನೆಂದು ಕೇಳುವವರು ವಿರಳ.

ಉತ್ಸಾಹಕ್ಕೆ ಕಾರಣವಿಲ್ಲದಿಲ್ಲ. ೨೦೨೪ರ ಫೆಬ್ರುವರಿಯಲ್ಲಿ ಆರಂಭವಾದ ಪ್ರಧಾನಮಂತ್ರಿ ಸೂರ್ಯಘರ್ ಯೋಜನೆಯು ಮೊದಲಿನ ಎರಡು ಕಿಲೋವ್ಯಾಟುಗಳಿಗೆ ತಲಾ ೩೦,೦೦೦ ರೂಪಾಯಿ, ಮೂರನೆಯದಕ್ಕೆ ೧೮,೦೦೦, ಒಟ್ಟು ೭೮,೦೦೦ ರೂಪಾಯಿಗಳ ಸಹಾಯಧನವನ್ನು ಗೊತ್ತುಪಡಿಸಿತು. ಗೋಕಾಕ ಮೂಡಲಗಿಗಳಿಗೆ ಹುಬ್ಬಳ್ಳಿ ವಿದ್ಯುತ್ ಸರಬರಾಜು ಕಂಪನಿಯು ವಿದ್ಯುತ್ತನ್ನು ಒದಗಿಸಿದರೆ, ಹುಕ್ಕೇರಿಯ ಹಳ್ಳಿಗಳಿಗೆ ೧೯೬೯ರಲ್ಲಿ ಸ್ಥಾಪಿತವಾದ ಅಲ್ಲಿಯದೇ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘವಿರುವದು. ಯಾರನ್ನು ಕಾಣಬೇಕೆಂಬುದು ಊರಿನ ಮೇಲೆ ನಿಂತ ಮಾತು.

ಮೂಡಲಗಿಯ ಕಡೆಯ ನಮ್ಮ ಮಿತ್ರರೊಬ್ಬರ ಮನೆಯು ಅವರ ಅಜ್ಜನ ಕಾಲದ್ದು. ಮಣ್ಣಿನ ಗೋಡೆ, ತೊಲೆ ಜಂತಿಗಳು, ಮೇಲೆ ಮೇಲ್ಮುದ್ದೆ. ಅದರ ಮೇಲೆಯೇ ಫಲಕಗಳನ್ನು ಹಾಕೋಣವೆಂದು ಮಗನು, ಒಲ್ಲೆನೆಂದು ತಂದೆ. ಈ ಮಾತಿಗೆ ಎರಡು ತಿಂಗಳಿಂದ ಮನೆಯಲ್ಲಿ ಮುಖ ಗಂಟಿಕ್ಕಿಕೊಂಡಿರುವವು. ನಾವು ತಂದೆಯ ಪಕ್ಷವನ್ನೇ ಹಿಡಿಯುವೆವು, ಆದರೆ ಅವರು ಹೇಳುವ ಕಾರಣಕ್ಕಾಗಿ ಅಲ್ಲ. ಅವರು ಭಾರಕ್ಕೆ ಅಂಜುವರು. ಒಂದು ಫಲಕದ ತೂಕ ೨೦ರಿಂದ ೩೦ ಕಿಲೋ, ಅದೂ ಎರಡು ಚದರ ಮೀಟರಿನಷ್ಟು ಹರಡಿದ್ದು. ಮಳೆಯಲ್ಲಿ ನೆನೆದ ಮೇಲ್ಮುದ್ದೆಯ ಮಣ್ಣಿನ ಮುಂದೆ ಇದು ಅಲ್ಪವೇ ಸರಿ. ಅಂಜತಕ್ಕದ್ದು ಗಾಳಿಗೆ. ಮುಂಗಾರಿನ ಮೊದಲಿನ ಅಡ್ಡಮಳೆಯ ಜೊತೆಗೆ ಬೀಸುವ ಬಿರುಗಾಳಿಯು ಓರೆಯಾದ ಫಲಕದ ಅಡಿಗೆ ಹೊಕ್ಕು ಹಡಗಿನ ಹಾಯಿಯಂತೆ ಅದನ್ನು ಎತ್ತುವದು. ಆಗ ಹಿಡಿದಿಡಬೇಕಾದದ್ದು ಬುಡದ ಬೋಲ್ಟು. ಮಣ್ಣಿನಲ್ಲಿ ಬೋಲ್ಟು ನಿಲ್ಲದು. ತೊಲೆಗೆ ಬಿಗಿಯಹೋದರೆ ಕೊರೆದಲ್ಲೆಲ್ಲ ನೀರಿಳಿದು ತೊಲೆಯೇ ಕೊಳೆಯುವದು. ಕಾಂಕ್ರೀಟಿನ ದಿಮ್ಮಿಗಳನ್ನು ಹೇರಿದರೆ ತಂದೆಯವರು ಅಂಜುವ ಭಾರವು ಆಗ ನಿಜವಾಗಿ ಬಂದಂತಾಯಿತು. ೨೦೧೯ರ ಅಗಸ್ಟಿನಲ್ಲಿ ಘಟಪ್ರಭೆ ಮಾರ್ಕಂಡೇಯಗಳು ಏರಿ ಗೋಕಾಕದೊಳಗೆ ನೀರು ಹೊಕ್ಕಾಗ ನೆನೆದ ಮಣ್ಣುಗೋಡೆಗಳ ಗತಿಯೇನಾಯಿತೆಂಬುದನ್ನು ಈ ಸೀಮೆಯವರಿಗೆ ಹೇಳಬೇಕಾದದ್ದಿಲ್ಲ. ಫಲಕಕ್ಕೆ ೨೫ ವರ್ಷಗಳ ಭರವಸೆಯನ್ನು ಕೊಡುವರು. ಮನೆಗೆ ಅಂಥ ಭರವಸೆಯನ್ನು ಯಾರು ಕೊಟ್ಟರು?

ಅಂಥವರಿಗೆ ಹಿತ್ತಲೇ ಲೇಸು. ಸತುವಿನ ಲೇಪವುಳ್ಳ ಉಕ್ಕಿನ ಕಂಬಗಳನ್ನು ಕಾಂಕ್ರೀಟಿನಲ್ಲಿ ನೆಟ್ಟು, ದನಕರುಗಳಿಗೆ ನಿಲುಕದಷ್ಟು ಎತ್ತರದಲ್ಲಿ ಫಲಕಗಳನ್ನು ಕೂಡಿಸಬಹುದು. ಹೊಳೆಯ ದಂಡೆಯವರು ನೆರೆಯ ನೀರು ಎಲ್ಲಿಯವರೆಗೆ ಬಂದಿತ್ತೆಂಬ ಗುರುತನ್ನು ಮೊದಲು ನೋಡಿಕೊಳ್ಳತಕ್ಕದ್ದು. ಹಿತ್ತಲಿನ ಕಂಬಗಳಿಗೆ ಸಹಾಯಧನವು ಸಲ್ಲುವದೋ ಎಂಬುದನ್ನು ಹಣ ಕೊಡುವ ಮುಂಚೆಯೇ ಬರಹದಲ್ಲಿ ಪಡೆಯಬೇಕು.

ಹೆಂಚಿನ ಮನೆಯವರಿಗೆ ಒಂದೇ ಮಾತು: ಕೊಕ್ಕೆಗಳು ಹೆಂಚಿನ ಕೆಳಗಿನ ಪಕಾಸಿಗೆ ಬಿಗಿಯಲ್ಪಡಬೇಕು, ಹೆಂಚಿಗಲ್ಲ. ಪತ್ರಾಸಿನವರಿಗೂ ಹಾಗೆಯೇ, ಅಡಿಯ ಕಬ್ಬಿಣಕ್ಕೆ. ಫಲಕದ ಕೆಳಗೆ ಗಾಳಿಯಾಡಲು ತುಸು ತೆರಪಿರಲಿ. ಬಿಸಿಯೇರಿದಷ್ಟೂ ಫಲಕವು ಕಡಿಮೆ ವಿದ್ಯುತ್ತನ್ನು ಕೊಡುವದು. ಬಿಸಿಲು ಹೆಚ್ಚಾದರೆ ಫಲವೂ ಹೆಚ್ಚೆಂದು ತಿಳಿದವರಿಗೆ ಇದು ವಿಚಿತ್ರವೆನಿಸೀತು. ಫಲಕಕ್ಕೆ ಬೇಕಾದದ್ದು ಬೆಳಕು, ಕಾವಲ್ಲ.

ಸಿಮೆಂಟಿನ ಮಾಳಿಗೆಯುಳ್ಳವರಲ್ಲಿ ವಾದವು ಬೇರೆ. ಕಿಲೋವ್ಯಾಟಿಗೆ ಸುಮಾರು ೧೦೦ ಚದರಡಿ ಸ್ಥಳ ಬೇಕು. ಗಿಡ್ಡ ಕಾಲುಗಳ ಮೇಲೆ ಕೂಡಿಸಿದರೆ ಗಾಳಿಯ ಭಯವೂ ಖರ್ಚೂ ಕಡಿಮೆ, ಆದರೆ ಸ್ಥಳವು ಹೋಯಿತು. ಏಳೆಂಟು ಅಡಿ ಎತ್ತರದ ಮಂಟಪವನ್ನು ಕಟ್ಟಿಸಿದರೆ ಕೆಳಗೆ ನೆರಳಾಗುವದು, ಆದರೆ ಗಾಳಿಯ ಪೆಟ್ಟು ಜೋರು. ಮಾಳಿಗೆಯ ಮೇಲೆ ಹಪ್ಪಳ ಸಂಡಿಗೆ ಮೆಣಸಿನಕಾಯಿಗಳನ್ನು ಒಣಗಿಸುವವರು ಗೃಹಿಣಿಯರು. ಅವರಿಗೆ ನೆರಳಿನ ಮಂಟಪವು ಉಪಕಾರವೇ ಅಪಕಾರವೇ ಎಂಬುದನ್ನು ಗಂಡಸರು ಅಂಗಡಿಯಲ್ಲಿ ಕುಳಿತು ನಿರ್ಣಯಿಸಲಾಗದು. ನಾವಾದರೋ ಗಿಡ್ಡ ಕಾಲುಗಳ ಪಕ್ಷದವರು. ನಮ್ಮ ಸೀಮೆಯ ಅಕ್ಷಾಂಶವು ೧೬ ಅಂಶಗಳಷ್ಟಿರುವದರಿಂದ ಫಲಕಗಳು ದಕ್ಷಿಣಾಭಿಮುಖವಾಗಿ ಸುಮಾರು ಅಷ್ಟೇ ಓರೆಯಾಗಿದ್ದರೆ ಉತ್ತಮ. ಗಾಳಿಗಾಗಿ ಹತ್ತು ಅಂಶಗಳಿಗೆ ಇಳಿಸಿದರೂ ನಷ್ಟವು ಅಲ್ಪ. ನೀರಿನ ಟಾಕಿಯ ನೆರಳು ಮಾತ್ರ ಬೀಳಬಾರದು. ಒಂದು ಫಲಕದ ಮೂಲೆಗೆ ಬಿದ್ದ ನೆರಳು ಜೊತೆಯ ಫಲಕಗಳ ಫಲವನ್ನೂ ಕುಂದಿಸಬಲ್ಲದು. ಮಾರ್ಗಶಿರ ಪುಷ್ಯಗಳಲ್ಲಿ ನೆರಳು ಉದ್ದವಾಗಿರುವದರಿಂದ ಆಗಲೇ ಅಳೆದು ನೋಡುವದು ಲೇಸು. ಕಬ್ಬಿನ ರವದಿಯನ್ನು ಸುಡುವ ದಿನಗಳಲ್ಲಿ ಕರಿಬೂದಿಯು ಹಾರಿಬಂದು ಫಲಕಗಳ ಮೇಲೆ ಕೂಡುವದಾದ್ದರಿಂದ ತೊಳೆಯಲು ಒಬ್ಬರು ನಡೆದಾಡುವಷ್ಟು ದಾರಿಯನ್ನೂ ಬಿಡತಕ್ಕದ್ದು.

ಇನ್ನೊಂದು ಮಾತನ್ನು ಹೇಳದೆ ಇರಲಾರೆವು. ಅಣ್ಣತಮ್ಮಂದಿರ ಕೂಡುಮನೆಯಲ್ಲಿ ಮಾಳಿಗೆಯು ಎಲ್ಲರದು, ಮೀಟರು ಒಬ್ಬನ ಹೆಸರಿನದು. ಬಿಲ್ಲು ಇಳಿದದ್ದು ಅವನಿಗೆ, ಸ್ಥಳವು ಹೋದದ್ದು ಎಲ್ಲರಿಗೆ. ನಾಳೆ ಪಾಲಾದಾಗ ಕಂಬಗಳು ಯಾರ ಪಾಲಿನ ಮೇಲೆ ನಿಂತಿರುವವೆಂಬುದನ್ನು, ಬೋಲ್ಟು ಬಿಗಿಯುವ ಮುಂಚೆ, ಎಲ್ಲರ ಸಮಕ್ಷಮದಲ್ಲಿ ಒಂದು ಕಾಗದದ ಮೇಲೆ ಬರೆದು ರುಜು ಹಾಕಿಸಿಡಿರಿ.