ಬೈಕ್ ಕಳವು: ಕೆಂಪು ದೀಪ ಬೆದರಿಸೀತು, ತಡೆಯದು

ಬೆಂಗಳೂರು: ಮನೆ ಮುಂದಿನ ರಸ್ತೆಯೇ ವಾಹನ ನಿಲುಗಡೆಯ ತಾಣವಾಗಿರುವ ನಗರಗಳಲ್ಲಿ, ರಾತ್ರಿ ನಿಲ್ಲಿಸಿದ ಬೈಕ್ ಬೆಳಿಗ್ಗೆ ಅಲ್ಲಿಯೇ ಇರುತ್ತದೆಂಬ ಖಾತರಿಯಿಲ್ಲ. ಹ್ಯಾಂಡಲ್ ಲಾಕ್ ಮುರಿದು, ಇಗ್ನಿಷನ್ ವೈರ್ ಜೋಡಿಸಿ ವಾಹನ ಒಯ್ಯುವುದು ಪಳಗಿದ ಕಳ್ಳರಿಗೆ ಕೆಲವೇ ನಿಮಿಷಗಳ ಕೆಲಸ. ಈ ಹಿನ್ನೆಲೆಯಲ್ಲಿ, ಕಾರಿನ ಅಲಾರಂ ದೀಪದಂತೆ ಮಿನುಗುವ ಪುಟ್ಟ ಕೆಂಪು ಎಲ್‌ಇಡಿಯೊಂದನ್ನು ಬೈಕಿಗೂ ಅಳವಡಿಸುವ ಅಗ್ಗದ ಉಪಾಯ ಎಷ್ಟು ಫಲಕಾರಿ ಎಂಬುದು ಪರಿಶೀಲನಾರ್ಹ.

ಕಳವಿನ ಹೊರೆ ಬೀಳುವುದು ಮಾಲೀಕನ ಮೇಲೆಯೇ. 2018ರ ಸೆಪ್ಟೆಂಬರ್‌ನಿಂದ ಹೊಸ ದ್ವಿಚಕ್ರ ವಾಹನಗಳಿಗೆ ಐದು ವರ್ಷಗಳ ಥರ್ಡ್ ಪಾರ್ಟಿ ವಿಮೆ ಕಡ್ಡಾಯವಾಗಿದೆ. ಆದರೆ ಈ ವಿಮೆ ಕಳವಿಗೆ ಪರಿಹಾರ ನೀಡುವುದಿಲ್ಲ. ಅದಕ್ಕೆ ಬೇಕಾದ ಸ್ವಂತ ಹಾನಿ ವಿಮೆ ಐಚ್ಛಿಕ. ಅದನ್ನು ಕೈಬಿಟ್ಟವರಿಗೆ, ವಾಹನ ಹೋದ ಮೇಲೂ ಸಾಲದ ಕಂತು ಮಾತ್ರ ತಪ್ಪದು. ಬೈಕನ್ನೇ ನಂಬಿ ಮನೆಮನೆಗೆ ಆಹಾರ ತಲುಪಿಸುವವರ ಪಾಲಿಗೆ ಅಂದಿನ ದುಡಿಮೆಯೂ ಇಲ್ಲವಾಗುತ್ತದೆ.

ಅಳವಡಿಕೆ ಹೇಗೆ?

ತಾನಾಗಿಯೇ ಮಿನುಗುವ ಎಲ್‌ಇಡಿ, 1 ಕಿಲೋ ಓಮ್ ರೆಸಿಸ್ಟರ್, 1 ಆಂಪಿಯರ್ ಫ್ಯೂಸ್ ಹಾಗೂ ಕೊಂಚ ವೈರ್ ಇದ್ದರೆ ಸಾಕು. ದೀಪದ ಧನ ತುದಿಯನ್ನು ಫ್ಯೂಸ್ ಮತ್ತು ರೆಸಿಸ್ಟರ್ ಮೂಲಕ 12 ವೋಲ್ಟ್ ಬ್ಯಾಟರಿಯ ಧನ ತುದಿಗೂ, ಋಣ ತುದಿಯನ್ನು ಕೀಲಿ ತಿರುಗಿಸಿದಾಗ ಮಾತ್ರ ವಿದ್ಯುತ್ ಹರಿಯುವ ವೈರಿಗೂ ಜೋಡಿಸಬೇಕು. ಕೀಲಿ ತೆಗೆದಾಗ ಇತರ ಬಲ್ಬುಗಳ ಮೂಲಕ ಮಂಡಲ ಪೂರ್ಣಗೊಂಡು ದೀಪ ಮಿನುಗುತ್ತದೆ. ಕೀಲಿ ತಿರುಗಿಸಿದೊಡನೆ ಎರಡೂ ತುದಿಗಳ ವೋಲ್ಟೇಜ್ ಸಮನಾಗಿ ಆರುತ್ತದೆ. ಮುಂಭಾಗಕ್ಕೆ ಕೆಂಪು ಬೆಳಕು ತೋರಿಸುವುದನ್ನು 1989ರ ಕೇಂದ್ರ ಮೋಟಾರು ವಾಹನ ನಿಯಮಾವಳಿ ನಿರ್ಬಂಧಿಸುವುದರಿಂದ, ಚಾಲನೆಯಲ್ಲಿ ದೀಪ ಆರಿರುವುದೇ ಸೂಕ್ತ.

ಉರಿಯುವಾಗ ಇದು ಬಳಸುವ ವಿದ್ಯುತ್ ಸುಮಾರು 10 ಮಿಲಿ ಆಂಪಿಯರ್. ದಿನನಿತ್ಯ ಓಡುವ ಬೈಕಿನ ಬ್ಯಾಟರಿಗೆ ಇದು ಲೆಕ್ಕಕ್ಕಿಲ್ಲ. ಆದರೆ ವಾರಗಟ್ಟಲೆ ನಿಲ್ಲಿಸಿದರೆ 3 ಆಂಪಿಯರ್-ಅವರ್‌ನ ಸಣ್ಣ ಬ್ಯಾಟರಿ ಬರಿದಾಗಬಹುದು. 2020ರ ಏಪ್ರಿಲ್ ನಂತರದ ಬಿಎಸ್-6 ಬೈಕುಗಳಲ್ಲಿ ಇಂಧನ ಪೂರೈಕೆಯನ್ನು ಎಲೆಕ್ಟ್ರಾನಿಕ್ ಘಟಕವೇ ನಿಯಂತ್ರಿಸುವುದರಿಂದ ಕಂಡ ವೈರನ್ನು ಕತ್ತರಿಸುವುದು ಅಪಾಯಕರ. ವಾರಂಟಿಗೂ ಧಕ್ಕೆ ಬರಬಹುದು. ಅನುಭವಿ ಎಲೆಕ್ಟ್ರಿಷಿಯನ್ ನೆರವು ಪಡೆಯುವುದು ಲೇಸು.

ದೀಪದ ಮಿತಿ

ಈ ದೀಪ ಕೂಗುವುದಿಲ್ಲ, ಚಕ್ರವನ್ನು ಹಿಡಿಯುವುದೂ ಇಲ್ಲ. 'ಇಲ್ಲಿ ಅಲಾರಂ ಇರಬಹುದು' ಎಂಬ ಅನುಮಾನ ಹುಟ್ಟಿಸುವುದಷ್ಟೇ ಇದರ ಕೆಲಸ. ಅವಸರದ ಕಳ್ಳ ಹಿಂಜರಿದರೂ ಪಕ್ಕದ ಬೈಕಿಗೆ ಕೈ ಹಾಕಬಹುದು. ಹೀಗಾಗಿ ಒಬ್ಬನಿಗೆ ರಕ್ಷಣೆಯಾದ ಮಾತ್ರಕ್ಕೆ ಬೀದಿಯ ಕಳವು ತಗ್ಗಿತೆನ್ನಲಾಗದು. ನೂರಾರು ಬೈಕುಗಳಲ್ಲಿ ಬರಿಯ ದೀಪವೇ ಮಿನುಗತೊಡಗಿದರೆ ಕಳ್ಳರಿಗೂ ಗುಟ್ಟು ತಿಳಿಯಲು ತಡವಾಗದು.

ಆದ್ದರಿಂದ ದೀಪದ ಜತೆಗೆ ಡಿಸ್ಕ್ ಲಾಕ್ ಅಥವಾ ಕಂಬಕ್ಕೆ ಬಿಗಿಯುವ ಗಟ್ಟಿ ಸರಪಳಿ ಇರಲೇಬೇಕು. ಸರಿಯಾದ ಕೀಲಿಯಿಲ್ಲದೆ ಎಂಜಿನ್ ಚಾಲೂ ಆಗದಂತೆ ತಡೆಯುವ ಇಮೊಬಿಲೈಸರ್ ಸಾಮಾನ್ಯನ ಬೈಕಿಗೆ ಕಾರ್ಖಾನೆಯಲ್ಲಿಯೇ ಬರುವವರೆಗೆ, ಕಾವಲಿನ ಹೊಣೆ ಮಾಲೀಕನ ಹೆಗಲಿಗೇ ಉಳಿಯಲಿದೆ.